‘ಬೇಡ’ ಎನ್ನಬಾರದ ಅರಸರು

ಕೋವಿಡ್ ಇಳಿದು ಊರುಗಳಲ್ಲಿ ಮತ್ತೆ ದೈವದ ನೇಮ, ಮದುವೆಗಳು ಶುರುವಾದ ವರ್ಷ. ನಾನು ಆಗ ಬಂಟ್ವಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಘಟಕ ನೋಡಿಕೊಳ್ಳುವ ವೈದ್ಯೆಯಾಗಿದ್ದೆ. ನಿವೃತ್ತಿಗೆ ಹೆಚ್ಚು ಸಮಯ ಇರಲಿಲ್ಲ. ಘಟಕದಲ್ಲಿ ಆರು ಯಂತ್ರ, ಆರು ಮಂಚ, ಮತ್ತು ಆ ಮಂಚಗಳಿಗಾಗಿ ಹೊರಗೆ ಬೆಂಚಿನಲ್ಲಿ ಕಾಯುವ ಜನ. ಮೂರನೆಯ ಮಂಚದಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಒಬ್ಬ ಅರಸರು ಮಲಗುತ್ತಿದ್ದರು.

ತಮಾಷೆಗೆ ಹೇಳುತ್ತಿಲ್ಲ, ಅವರು ನಿಜಕ್ಕೂ ಅರಸರೇ. ಹೆಸರು ರಘುಚಂದ್ರ, ಪ್ರಾಯ ಐವತ್ತೆಂಟು. ಮಡಂತ್ಯಾರಿನಿಂದ ವೇಣೂರಿನ ಕಡೆಗೆ ಹೋಗುವಾಗ ಹೊಳೆಯ ಆಚೆ ಸಿಗುವ ಒಂದು ಊರು ಅವರದು. ಊರಿನ ಹೆಸರು ಬೇಡ. ಆ ಕಡೆಯವರಿಗೆ ಹೇಳದೆಯೂ ಗೊತ್ತಾಗುತ್ತದೆ, ಬೇರೆಯವರಿಗೆ ಗೊತ್ತಾಗಿ ಆಗಬೇಕಾದದ್ದು ಏನೂ ಇಲ್ಲ. ಒಂದು ಕಾಲದಲ್ಲಿ ಸುತ್ತಿನ ಗ್ರಾಮಗಳನ್ನೆಲ್ಲ ಆಳಿದ ಸಣ್ಣ ಅರಸು ಮನೆತನ ಅವರದು. ಕಂಪೆನಿ ಸರ್ಕಾರ ಬಂದಾಗ ರಾಜ್ಯ ಹೋಯಿತು. ಭೂಮಸೂದೆ ಬಂದಾಗ ಗದ್ದೆಗಳೆಲ್ಲ ಉಳುತ್ತಿದ್ದ ಒಕ್ಕಲುಗಳಿಗೆ ಹೋದವು. ಉಳಿದದ್ದು ಮಣ್ಣಿನ ಗೋಡೆಯ ಒಂದು ಮನೆ ಮತ್ತು ಒಂದು ಮರದ ಕುರ್ಚಿ. ಮನೆಯನ್ನು ಈಗಲೂ ಅರಮನೆ ಎನ್ನುತ್ತಾರೆ. ಕುರ್ಚಿ ವರ್ಷಕ್ಕೊಮ್ಮೆ ದೈವದ ನೇಮಕ್ಕೆ, ಅಂದರೆ ಭೂತದ ಕೋಲಕ್ಕೆ, ಹೊರಗೆ ಬರುತ್ತದೆ. ದೈವ ಕಟ್ಟಿದವರ ಮೈಮೇಲೆ ಬಂದು ಊರಿನ ವರ್ಷದ ಲೆಕ್ಕ ಒಪ್ಪಿಸುವುದು ಅರಸನಿಗೆ. ಆದ್ದರಿಂದ ಕುರ್ಚಿಯಲ್ಲಿ ಅರಸು ಮನೆತನದ ಒಬ್ಬರು ಕೂತಿರಬೇಕು. ಹಾಗೆ ಕೂರುವ ಅಧಿಕಾರಕ್ಕೆ ಅಲ್ಲಿ ‘ಗಡಿ’ ಎನ್ನುತ್ತಾರೆ, ಅದನ್ನು ಪಡೆಯುವುದಕ್ಕೆ ಗಡಿ ಹಿಡಿಯುವುದು ಎನ್ನುತ್ತಾರೆ. ಅಳಿಯಸಂತಾನದ ಕ್ರಮ, ಹಾಗಾಗಿ ಗಡಿ ಮಾವನಿಂದ ಅಕ್ಕತಂಗಿಯರ ಮಗನಿಗೆ ಇಳಿಯುತ್ತದೆ.

ರಘುಚಂದ್ರರು ಮಸ್ಕತ್ತಿನಲ್ಲಿ ಕ್ಯಾಂಟೀನು ನಡೆಸುತ್ತಿದ್ದವರು. ಸೋದರಮಾವ ತೀರಿಕೊಂಡರೆಂದು ಫೋನು ಬಂತು, ವಿಮಾನ ಹತ್ತಿ ಬಂದರು, ತಲೆಗೆ ನೀರು ಹೊಯ್ದು ಅರಸು ಮಾಡಿದರು. ಮತ್ತೆ ವಿಮಾನ ಹತ್ತಲಿಲ್ಲ. ಗಡಿ ಹಿಡಿದವರಿಗೆ ಸಮುದ್ರ ದಾಟಲಿಕ್ಕಿಲ್ಲ, ಹೋಟೆಲಿನಲ್ಲಿ ಉಣ್ಣಲಿಕ್ಕಿಲ್ಲ, ಅರಮನೆ ಬಿಟ್ಟು ಬೇರೆ ಕಡೆ ಮಲಗಲಿಕ್ಕಿಲ್ಲ, ಹೆಣ ಮುಟ್ಟಲಿಕ್ಕಿಲ್ಲ, ಹೆಣದ ಹತ್ತಿರ ಸುಳಿಯಲಿಕ್ಕೂ ಇಲ್ಲ. ಕ್ಯಾಂಟೀನು ನಡೆಸಿದ ಮನುಷ್ಯ ಒಂದು ಚಹಾ ಕೂಡ ಪೇಟೆಯಲ್ಲಿ ಕುಡಿಯುವಂತಿಲ್ಲ.

“ಹಾಗಾದರೆ ನಿಮಗೆ ಇರುವ ಅಧಿಕಾರ ಎಂತದು?” ಎಂದು ಒಮ್ಮೆ ಕೇಳಿದೆ.

“ನಾನು ಆ ಊರಿನ ರಾಷ್ಟ್ರಪತಿ ಡಾಕ್ಟ್ರೆ,” ಎಂದು ನಕ್ಕರು. “ಮಂತ್ರಿಮಂಡಲ ಅಂದರೆ ನಮ್ಮ ನೇಮದ ಸಮಿತಿ. ಅವರು ಹೇಳಿದ್ದಕ್ಕೆಲ್ಲ ನಾನು ‘ಆವಡ್’ ಅನ್ನಬೇಕು. ಆಗಲಿ ಅಂತ. ಗಡಿಯವರ ಬಾಯಲ್ಲಿ ‘ಬೇಡ’ ಬರ್ಲಿಕ್ಕಿಲ್ಲ. ನಮ್ಮ ಎದುರು ಯಾರು ಎಂತ ಹಿಡಿದರೂ ತಕ್ಕೊಳ್ಳಬೇಕು.”

ನನಗೂ ನಗು ಬಂತು. ಆಗ ಅದೊಂದು ಸ್ವಾರಸ್ಯದ ಸಂಗತಿ ಎಂದಷ್ಟೇ ಅನ್ನಿಸಿತ್ತು.

ಅವರ ಪರಿಚಯ ನನಗೆ ಅದಕ್ಕೂ ಕೆಲವು ವರ್ಷ ಹಿಂದಿನದು, ಮತ್ತು ಅದು ಜಗಳದಿಂದ ಶುರುವಾದದ್ದು. ಅವರ ತಾಯಿ ನಮ್ಮ ವಾರ್ಡಿನಲ್ಲಿ ತೀರಿಕೊಂಡರು. ಮಗ ಎಲ್ಲಿ ಎಂದು ಕೇಳಿದರೆ ಗೇಟಿನ ಹೊರಗೆ ನಿಂತಿದ್ದಾರೆ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಹೊರಗೆ ಹೋದೆ. ಬಿಳಿ ಪಂಚೆ, ಬಿಳಿ ಶಾಲು, ಕೈಯಲ್ಲಿ ಚಿನ್ನದ ಹಳೆಯ ಬಳೆ, ಬಿಸಿಲಿಗೆ ಮುಖ ಕೆಂಪಾದ ಮನುಷ್ಯ.

“ನಿಮ್ಮ ಅಮ್ಮ ಹೋಗಿದ್ದಾರೆ. ಒಳಗೆ ಬರ್ಲಿಕ್ಕೆ ಎಂತ ದಾಡಿ ನಿಮಗೆ?” ಎಂದು ಗದರಿದೆ.

ಅವರು ಕೈ ಮುಗಿದರು. “ನನಗೆ ಬರ್ಲಿಕ್ಕಿಲ್ಲ ಡಾಕ್ಟ್ರೆ,” ಎಂದರು. ಅಷ್ಟೇ.

ಆ ತಾಯಿಯನ್ನು ಮಂಚದಿಂದ ಎತ್ತಿ ವ್ಯಾನಿಗೆ ತಂದವನು ಮೊಮ್ಮಗ ಪ್ರಸನ್ನ, ರಘುಚಂದ್ರರ ಅಕ್ಕನ ಮಗ. ಮಡಂತ್ಯಾರಿನಲ್ಲಿ ಆಟೋ ಓಡಿಸುವ ಮೂವತ್ತೈದರ ಗಟ್ಟಿ ಆಳು. ವ್ಯಾನು ಗೇಟು ದಾಟುವಾಗ ಮಗ ರಸ್ತೆಯ ಆಚೆ ಬದಿಗೆ ಸರಿದು ನಿಂತದ್ದನ್ನು ನಾನು ಕಿಟಕಿಯಿಂದ ನೋಡಿದೆ. ಕಲ್ಲು ಮನಸ್ಸಿನ ಜನ ಎಂದುಕೊಂಡೆ. ಗಡಿಯ ಕಟ್ಟಳೆಯ ವಿಷಯವನ್ನು ನಮ್ಮ ದಾದಿಯೊಬ್ಬಳು ಆಮೇಲೆ ಹೇಳಿದಳು.

ನಂತರ ಅವರ ಎರಡೂ ಕಿಡ್ನಿಗಳು ಸೋತವು. ಸಕ್ಕರೆ ಕಾಯಿಲೆ ಮಾಡುವ ಕೆಲಸ. ಡಯಾಲಿಸಿಸ್ ಎಂದರೆ ಏನೆಂದು ತಿಳಿಯದವರಿಗೆ ಸ್ವಲ್ಪ ಹೇಳಬೇಕು. ಕಿಡ್ನಿ ದಿನವಿಡೀ ಮಾಡುವ ಕೆಲಸವನ್ನು ಯಂತ್ರ ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಮಾಡುತ್ತದೆ. ರಕ್ತವನ್ನು ಹೊರಗೆ ತೆಗೆದು, ತೊಳೆದು, ಒಳಗೆ ಬಿಡುತ್ತದೆ. ಎರಡು ಸರದಿಯ ನಡುವೆ ಮೈಯಲ್ಲಿ ನೀರು ತುಂಬುತ್ತದೆ, ಪೊಟ್ಯಾಸಿಯಂ ಎಂಬ ಲವಣ ಏರುತ್ತದೆ. ನೀರು ತುಂಬಿದರೆ ಉಬ್ಬಸ ಬರುತ್ತದೆ, ರೋಗಿಗೇ ಗೊತ್ತಾಗುತ್ತದೆ. ಪೊಟ್ಯಾಸಿಯಂ ಹಾಗಲ್ಲ. ಅದು ಸುಮಾರು ಐದರ ಒಳಗೆ ಇದ್ದರೆ ಕ್ಷೇಮ, ಆರು ದಾಟಿದರೆ ಅಪಾಯ, ಏಳೆಂಟಕ್ಕೆ ಹೋದರೆ ಮಾತಾಡುತ್ತಾ ಕೂತವನ ಹೃದಯ ನಿಲ್ಲಬಹುದು. ಅದು ಬಾಳೆಹಣ್ಣಿನಲ್ಲಿದೆ, ಒಣಹಣ್ಣುಗಳಲ್ಲಿದೆ, ಎಲ್ಲಕ್ಕಿಂತ ಮುಖ್ಯವಾಗಿ ನಮ್ಮ ಕರಾವಳಿಯವರು ಜ್ವರಕ್ಕೂ ಸುಸ್ತಿಗೂ ದುಃಖಕ್ಕೂ ಕೊಡುವ ಬೊಂಡದಲ್ಲಿದೆ. ಬೊಂಡ ಎಂದರೆ ಎಳನೀರು. ನಮ್ಮ ಘಟಕದ ಗೋಡೆಯ ಮೇಲೆ ಬೊಂಡದ ಚಿತ್ರ ಬರೆಸಿ ಅದರ ಮೇಲೆ ಕೆಂಪು ಗೀಟು ಎಳೆಸಿದ್ದೆ. ರಘುಚಂದ್ರರ ಮಂಚದ ನೇರ ಎದುರಿಗೇ ಇತ್ತು.

ಆಸ್ಪತ್ರೆಗೆ ಬರಲು ಸಮಿತಿಯವರು ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಟ್ಟು ಒಪ್ಪಿಗೆ ಪಡೆದಿದ್ದರು. ಹಗಲು ಹೋಗಿ ಹಗಲು ಬರಬೇಕು, ಬಂದು ಬಾವಿಕಟ್ಟೆಯಲ್ಲಿ ತಲೆಗೆ ಸ್ನಾನ ಮಾಡಬೇಕು. ಹತ್ತು ತಿಂಗಳು ಅದು ಸುಸೂತ್ರವಾಗಿ ನಡೆಯಿತು. ಪ್ರಸನ್ನ ಆಟೋದಲ್ಲಿ ಕರೆತರುತ್ತಿದ್ದ, ನಾಲ್ಕು ಗಂಟೆ ಹೊರಗೆ ಕಾಯುತ್ತಿದ್ದ, ಕರೆದುಕೊಂಡು ಹೋಗುತ್ತಿದ್ದ.

ಫೆಬ್ರವರಿಯಲ್ಲಿ ನೇಮದ ದಿನ ಗೊತ್ತಾಯಿತು. ಆಗ ಒಂದು ಶುಕ್ರವಾರ ಪ್ರಸನ್ನ ನನ್ನ ಕೋಣೆಗೆ ಬಂದು ನಿಂತ.

“ಮೇಡಂ, ಒಂದು ತೊಂದರೆ ಉಂಟು. ಗೊನೆ ಕಡಿದ ಮೇಲೆ ಮಾವನಿಗೆ ಹೊಳೆ ದಾಟ್ಲಿಕ್ಕಿಲ್ಲ.”

ನೇಮಕ್ಕೆ ಮೊದಲು ಮುಹೂರ್ತ ನೋಡಿ ಬಾಳೆಗೊನೆ ಕಡಿಯುತ್ತಾರೆ. ಅಲ್ಲಿಂದ ನೇಮ ಮುಗಿಯುವವರೆಗೆ ಗಡಿಯವರು ಊರಿನ ಎಲ್ಲೆ ಮೀರುವಂತಿಲ್ಲ. ಎಲ್ಲೆ ಎಂದರೆ ಹೊಳೆ. ಆಸ್ಪತ್ರೆ ಹೊಳೆಯ ಈಚೆ. ಗೊನೆ ಕಡಿಯುವುದಕ್ಕೂ ನೇಮ ಮುಗಿಯುವುದಕ್ಕೂ ನಡುವೆ ಒಂದು ವಾರ, ಅದರಲ್ಲಿ ಕೆಲವು ರಾತ್ರಿ ನೇಮ. ಅಂದರೆ ಮೂರು ಸರದಿ ತಪ್ಪುತ್ತದೆ.

“ಒಂದು ವಾರ ಬಿಟ್ಟರೆ ನಿನ್ನ ಮಾವ ಉಳಿಯುವುದಿಲ್ಲ ಮಾರಾಯ,” ಎಂದೆ. ಸುತ್ತುಬಳಸಿ ಹೇಳುವ ಅಭ್ಯಾಸ ನನಗಿಲ್ಲ.

ಯಂತ್ರವನ್ನು ಅರಮನೆಗೆ ಒಯ್ಯಲು ಆಗುವುದಿಲ್ಲ, ಅದಕ್ಕೆ ಶುದ್ಧ ನೀರಿನ ದೊಡ್ಡ ಸ್ಥಾವರ ಬೇಕು. ಹೊಟ್ಟೆಗೆ ಕೊಳವೆ ಹಾಕಿ ಮನೆಯಲ್ಲೇ ಮಾಡುವ ಡಯಾಲಿಸಿಸ್ ಒಂದಿದೆ, ಆದರೆ ಅವರಿಗೆ ಮಸ್ಕತ್ತಿನಲ್ಲಿದ್ದಾಗ ಕರುಳಿನ ದೊಡ್ಡ ಶಸ್ತ್ರಚಿಕಿತ್ಸೆ ಆಗಿತ್ತು, ಹೊಟ್ಟೆಯೊಳಗೆಲ್ಲ ಅಂಟಿಕೊಂಡಿತ್ತು. ಆ ದಾರಿಯೂ ಮುಚ್ಚಿತ್ತು. ಹಾಗಾಗಿ ಸಮಿತಿಯ ಹತ್ತಿರವೇ ಮಾತಾಡುವುದೆಂದು ಒಂದು ಭಾನುವಾರ ಬೆಳಿಗ್ಗೆ ಆ ಊರಿಗೆ ಹೋದೆ.

ಅರಮನೆಯ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಇಪ್ಪತ್ತು ಜನ ಕೂತಿದ್ದರು. ಜಗಲಿಯ ಮೇಲೆ ರಘುಚಂದ್ರರು. ಸಮಿತಿಯ ಅಧ್ಯಕ್ಷರ ಹೆಸರು ಶೇಸಪ್ಪ, ಊರಿಗೆಲ್ಲ ಶೇಸಪ್ಪಣ್ಣ. ಅವರ ತಂದೆ ಅರಮನೆಯ ಒಕ್ಕಲು. ಭೂಮಸೂದೆಯಲ್ಲಿ ಅರಮನೆಯ ಎದುರಿನ ಗದ್ದೆಗಳೂ ತೆಂಗಿನ ಸಾಲೂ ಅವರ ಪಾಲಿಗೆ ಬಂದಿದ್ದವು. ಆ ಮನುಷ್ಯನನ್ನು ನೋಡುವ ಮೊದಲೇ ನಾನು ಅವರ ಮೇಲೆ ಕತ್ತಿ ಮಸೆದಿದ್ದೆ. ಹಳೆಯ ಧಣಿಯನ್ನು ಗೊಂಬೆ ಮಾಡಿ ಕೂರಿಸಿ ಊರು ಆಳುವವನು ಎಂದುಕೊಂಡಿದ್ದೆ. ನೋಡಿದರೆ ಬೇರೆಯೇ ಇತ್ತು. ಅರುವತ್ತೈದರ ಒಣಕಲು ಮನುಷ್ಯ, ಜಗಲಿಯ ಕಡೆಗೆ ಬೆನ್ನು ಹಾಕಿ ಕೂರಲು ಸಂಕೋಚಪಟ್ಟು ಕುರ್ಚಿಯನ್ನು ಓರೆ ಮಾಡಿಕೊಂಡಿದ್ದರು. ಮಾತಿನ ನಡುವೆ ಎರಡೆರಡು ಸಲ ಎದ್ದು, ಅರಸರಿಗೆ ಬಿಸಿಲು ತಾಗುತ್ತದೆಯೇ ಎಂದು ನೋಡಿ ಬಂದರು.

ನಾನು ವಿಷಯ ಹೇಳಿದೆ. ಶೇಸಪ್ಪಣ್ಣ ತಡಮಾಡದೆ ಹೇಳಿದರು: “ಅರಸರ ಜೀವಕ್ಕಿಂತ ಹೆಚ್ಚು ಎಂತ ಉಂಟು ಡಾಕ್ಟ್ರೆ? ಅವರು ಆಸ್ಪತ್ರೆಗೆ ಹೋಗಲಿ. ನಡುವೆ ಹೊಳೆ ದಾಟಿದರೆ ಗಡಿ ಇಳೀತದೆ, ಅದು ಹೌದು. ಕುರ್ಚಿ ಖಾಲಿ ಬಿಡ್ಲಿಕ್ಕಾಗುದಿಲ್ಲ. ಅಳಿಯ ಇದ್ದಾನಲ್ಲ, ಪ್ರಸನ್ನ. ಅದೇ ದಿನ ಅವನಿಗೆ ಗಡಿ ಹಿಡಿಸುವ.”

ಯಾರೂ ವಿರೋಧಿಸಲಿಲ್ಲ. ನಾನು ಜಗಳಕ್ಕೆ ಸಿದ್ಧವಾಗಿ ಹೋದವಳು, ಇಷ್ಟು ಸುಲಭವೇ ಎಂದು ಬೆಪ್ಪಾದೆ. ಪ್ರಸನ್ನ ಕಂಬಕ್ಕೆ ಒರಗಿ ನಿಂತಿದ್ದ. ಅವನ ಮುಖ ಬಿಳುಚಿತ್ತು. ಆದರೂ, “ನಾನು ಕೂರ್ತೇನೆ ಮಾವ. ನೀವು ಹೋಗಿ,” ಎಂದ.

ಶೇಸಪ್ಪಣ್ಣ ಜಗಲಿಯ ಕಡೆ ತಿರುಗಿ ಕೈ ಮುಗಿದರು. ಅಂಗಳವೆಲ್ಲ ‘ಆವಡ್’ ಎಂಬ ಮಾತಿಗೆ ಕಾಯುತ್ತಿತ್ತು.

“ಬೇಡ,” ಎಂದರು ರಘುಚಂದ್ರರು.

ಹಿಂದಿನ ಸಾಲಿನ ಮುದುಕರೊಬ್ಬರು ಎದ್ದು ನಿಂತರು. ಗಡಿಯವರ ಬಾಯಲ್ಲಿ ಆ ಮಾತನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಶೇಸಪ್ಪಣ್ಣನ ಮುಗಿದ ಕೈ ಹಾಗೆಯೇ ಇತ್ತು.

“ನಾನೇ ಕೂರ್ತೇನೆ. ನೇಮ ಮುಗಿಸಿಯೇ ಹೊಳೆ ದಾಟುದು,” ಎಂದು ಹೇಳಿ ಅವರು ಎದ್ದು ಒಳಗೆ ಹೋದರು.

ನಾನು ಹಿಂದೆಯೇ ಹೋದೆ. ಚಾವಡಿಯ ಪಕ್ಕದ ಸಣ್ಣ ಕೋಣೆ. ಅವರು ಮಂಚದ ತುದಿಯಲ್ಲಿ ಕೂತು ಊದಿದ ಪಾದವನ್ನು ಒತ್ತಿಕೊಳ್ಳುತ್ತಿದ್ದರು. ನಾನು ಬಾಯಿಗೆ ಬಂದಂತೆ ಬೈದೆ. ಇದೇನು ಕುರ್ಚಿಯ ಹುಚ್ಚು, ಹತ್ತು ತಿಂಗಳು ನಿಮ್ಮ ರಕ್ತ ತೊಳೆದದ್ದು ಇದಕ್ಕೋ ಎಂದೆ. ಅವರು ಮುಗಿಯುವವರೆಗೆ ಕಾದರು.

“ನನ್ನ ಅಕ್ಕ ವಿಮಲಳನ್ನು ನೀವು ನೋಡಿದ್ದೀರಲ್ಲ?” ಎಂದರು.

ನೋಡಿದ್ದೆ. ಪ್ರಸನ್ನನ ತಾಯಿ. ಮಿದುಳಿನಲ್ಲಿ ರಕ್ತಸ್ರಾವವಾಗಿ ಬಲ ಭಾಗ ಬಿದ್ದುಹೋಗಿತ್ತು. ಮಡಂತ್ಯಾರಿನ ಬಾಡಿಗೆ ಮನೆಯಲ್ಲಿ ತಾಯಿ ಮಗ ಇಬ್ಬರೇ.

“ಅವಳನ್ನು ಎತ್ತಿ ಮೀಯಿಸುದು ಅವನು. ಉಣ್ಣಿಸುದು ಅವನು. ಗಡಿ ಹಿಡಿದರೆ ಅವನು ಈ ಮನೆಯಲ್ಲೇ ಮಲಗಬೇಕು, ಹೊರಗಿನ ಅಡಿಗೆ ಮುಟ್ಲಿಕ್ಕಿಲ್ಲ. ಅವಳನ್ನು ಇಲ್ಲಿಗೆ ತರುವ ಅಂದರೆ, ಸಾಯ್ಲಿಕ್ಕೆ ಆದವರನ್ನು ಅರಮನೆಯಲ್ಲಿ ಇಡ್ಲಿಕ್ಕಿಲ್ಲ. ಅವಳು ಹೆಚ್ಚು ದಿನ ಇರುದಿಲ್ಲ, ನೀವೇ ಹೇಳಿದ್ದೀರಿ.” ಪಾದ ಒತ್ತುವುದನ್ನು ಬಿಟ್ಟರು. “ನಾನು ಗೇಟಿನ ಹೊರಗೆ ನಿಂತದ್ದು ನಿಮಗೆ ನೆನಪುಂಟಲ್ಲ? ಅವನು ನಿಲ್ಲುದು ಬೇಡ. ಅವನ ಅಮ್ಮನನ್ನು ಅವನೇ ಎತ್ತಲಿ.”

“ನೀವು ಸತ್ತರೂ ಗಡಿ ಅವನಿಗೇ ಹೋಗುತ್ತದಲ್ಲ?” ಎಂದೆ.

“ಸತ್ತರೆ ಒಂದು ವರ್ಷ ಕುರ್ಚಿ ಒಳಗೆ. ಸೂತಕ ಕಳೆದ ಮೇಲೆಯೇ ಹೊಸ ಗಡಿಯ ಮಾತು. ಅಷ್ಟರಲ್ಲಿ ಅಕ್ಕ ಹೋಗ್ತಾಳೆ.” ಇದನ್ನೆಲ್ಲ ಅವರು ಮೊದಲೇ ಕೂತು ಯೋಚಿಸಿದ್ದರು. “ಆದರೆ ನನಗೆ ಸಾಯುವ ಆಸೆ ಇಲ್ಲ ಡಾಕ್ಟ್ರೆ. ನೀವು ಎಂತ ಹೇಳಿದರೂ ಮಾಡ್ತೇನೆ. ಹೊಳೆ ದಾಟ್ಲಿಕ್ಕೆ ಮಾತ್ರ ಹೇಳ್ಬೇಡಿ.”

ವೈದ್ಯೆಯಾಗಿ ನಾನು ಅದನ್ನು ಒಪ್ಪಬಾರದಿತ್ತು, ಒಪ್ಪದೆ ಮಾಡುವುದೂ ಏನಿರಲಿಲ್ಲ. ಪ್ರಜ್ಞೆ ಸರಿಯಾಗಿರುವ ಮನುಷ್ಯನನ್ನು ಕಟ್ಟಿ ಎಳೆದುಕೊಂಡು ಹೋಗಿ ಡಯಾಲಿಸಿಸ್ ಮಾಡಲು ಬರುವುದಿಲ್ಲ. ಆದದ್ದನ್ನು ಮಾಡಿದೆ. ಗೊನೆ ಕಡಿಯುವ ಬೆಳಿಗ್ಗೆಯ ವರೆಗೆ ಹೆಚ್ಚುವರಿ ಸರದಿ ಕೊಟ್ಟು ಮೈಯನ್ನು ಆದಷ್ಟು ಒಣಗಿಸಿದೆ. ದಿನಕ್ಕೆ ಎರಡು ಲೋಟ ನೀರು ಮಾತ್ರ ಎಂದೆ. ಪೊಟ್ಯಾಸಿಯಂ ಇಳಿಸುವ ಪುಡಿ ಕೊಟ್ಟೆ. ಬಾಳೆಹಣ್ಣು, ಬೆಲ್ಲ, ಬೊಂಡ ನಾಲಿಗೆಗೂ ತಾಗಬಾರದು ಎಂದು ಅವರಿಗೂ ಪ್ರಸನ್ನನಿಗೂ ಬಾಯಿಪಾಠ ಮಾಡಿಸಿದೆ. ನೇಮ ಮುಗಿದ ಬೆಳಿಗ್ಗೆ ಸೇತುವೆಯ ಈಚೆ ಆಂಬುಲೆನ್ಸ್ ಕಾಯುವುದೆಂದೂ, ಮೂರನೆಯ ಮಂಚ ಖಾಲಿ ಇರುವುದೆಂದೂ ನಿಶ್ಚಯವಾಯಿತು.

ಆ ವಾರ ದಿನ ಬಿಟ್ಟು ದಿನ ಸಂಜೆ ಕೆಲಸ ಮುಗಿಸಿ ಆ ಊರಿಗೆ ಹೋಗುತ್ತಿದ್ದೆ. ಜೊತೆಗೆ ಸಣ್ಣ ಇಸಿಜಿ ಯಂತ್ರ, ಅಲ್ಲೇ ರಕ್ತ ಪರೀಕ್ಷಿಸುವ ಇನ್ನೊಂದು ಪುಟ್ಟ ಯಂತ್ರ. ಮೊದಲ ಸಲ ಹೋದಾಗ ಪೊಟ್ಯಾಸಿಯಂ ಐದೂವರೆ. ಎರಡನೆಯ ಸಲ ಆರು. ಮೂರನೆಯ ಸಲ ಆರೂವರೆ, ಇಸಿಜಿಯ ಅಲೆಗಳು ಚೂಪಾಗಿ ಎದ್ದಿದ್ದವು. ಪೊಟ್ಯಾಸಿಯಂ ಹೃದಯಕ್ಕೆ ತಾಗಿದ ಗುರುತು ಅದು. ಹೃದಯ ಕಾಯಲು ಕ್ಯಾಲ್ಸಿಯಂ ಚುಚ್ಚಿದೆ, ಇನ್ಸುಲಿನ್ ಮತ್ತು ಗ್ಲೂಕೋಸ್ ಕೊಟ್ಟೆ. ಅದು ಪೊಟ್ಯಾಸಿಯಂ ಅನ್ನು ಕೆಲವು ಗಂಟೆ ಜೀವಕೋಶಗಳ ಒಳಗೆ ಅಡಗಿಸಿಡುತ್ತದೆ ಅಷ್ಟೇ, ಹೊರಹಾಕುವುದಿಲ್ಲ. ಅಲೆಗಳು ಸ್ವಲ್ಪ ತಗ್ಗಿದವು.

“ಇವತ್ತೇ ದಾಟುವ. ನನ್ನ ಕಾರಿನಲ್ಲೇ ಹೋಗುವ,” ಎಂದು ಬೇಡಿಕೊಂಡೆ. ರೋಗಿಯನ್ನು ನಾನು ಹಾಗೆ ಬೇಡಿಕೊಂಡದ್ದು ಕಡಿಮೆ.

“ನಾಳೆ ಒಂದು ದಿನ ಡಾಕ್ಟ್ರೆ,” ಎಂದರು. ತುಟಿ ಒಡೆದಿತ್ತು. ನೀರಿನ ಮಿತಿಯನ್ನು ಅವರು ಹನಿ ತಪ್ಪದೆ ಪಾಲಿಸಿದ್ದರು. ಕುರ್ಚಿಯಲ್ಲಿ ಕೂತವರ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ‘ಆವಡ್’ ಎನ್ನಲೂ ಸ್ವರ ಹೊರಡದ್ದನ್ನು ಊರಿನವರೆಲ್ಲ ನೋಡಿದ್ದರು. ಅರಸರಿಗೆ ಡಾಕ್ಟ್ರು ನೀರು ಬಂದ್ ಮಾಡಿದ್ದಾರೆ ಎಂದು ಹೆಂಗಸರು ಕಣ್ಣು ಒರೆಸಿಕೊಂಡರಂತೆ. ಪಾಪ, ಅವರಿಗೆ ಗೊತ್ತಿದ್ದದ್ದು ಅಷ್ಟೇ. ನೀರು ಕೊಡಬಾರದು.

ಮರುದಿನ ಕಡೆಯ ನೇಮ. ಅದರ ಮರುದಿನ ಬೆಳಿಗ್ಗೆ ನಾನು ಆಸ್ಪತ್ರೆಯಲ್ಲಿ ಯಂತ್ರ ಸಜ್ಜು ಮಾಡಿಸಿ ಕಾದೆ. ಆಂಬುಲೆನ್ಸ್ ಏಳೂವರೆಗೆ ಬಂತು. ರಘುಚಂದ್ರರು ಕೂತೇ ಬಂದಿದ್ದರು. ಹಣೆಯಲ್ಲಿ ಗಂಧ, ಕಿವಿಯ ಮೇಲೆ ಪಿಂಗಾರದ, ಅಂದರೆ ಅಡಿಕೆ ಹೂವಿನ, ಎಸಳು. ನನ್ನನ್ನು ನೋಡಿ ಕೈ ಎತ್ತಿದರು. “ಮುಗೀತು ಡಾಕ್ಟ್ರೆ,” ಎಂದರು. ಕಾಲಿಗೆ ಬಲ ಇಲ್ಲ, ಜೋಮು ಹಿಡಿದ ಹಾಗೆ ಆಗುತ್ತಿದೆ ಎಂದರು. ಇಸಿಜಿಯ ತಂತಿ ಅಂಟಿಸಿದೆವು. ಪರದೆಯ ಮೇಲೆ ಚೂಪು ಅಲೆಗಳೂ ಇರಲಿಲ್ಲ. ಎಲ್ಲ ಒಂದಕ್ಕೊಂದು ಸೇರಿ ಅಗಲವಾಗಿ ತೂಗುತ್ತಿದ್ದವು. ಹೃದಯ ನಿಲ್ಲುವ ಮೊದಲಿನ ರೂಪ ಅದು.

ಕ್ಯಾಲ್ಸಿಯಂ ಅರ್ಧ ಹೋಗಿತ್ತು, ಅಷ್ಟರಲ್ಲಿ ಹೃದಯ ನಿಂತಿತು. ಮೂರನೆಯ ಮಂಚಕ್ಕೂ ಅವರಿಗೂ ನಡುವೆ ಒಂದು ಬಾಗಿಲು ಇತ್ತು. ಎದೆ ಒತ್ತಿದೆವು, ಶಾಕ್ ಕೊಟ್ಟೆವು, ಮದ್ದು ಎಲ್ಲ ಕೊಟ್ಟೆವು. ಮುಕ್ಕಾಲು ಗಂಟೆ. ಕೊನೆಗೆ ದಾದಿ ಬಂದು ನನ್ನ ಭುಜ ಹಿಡಿದು ಹಿಂದಕ್ಕೆ ಎಳೆದಳು. ಪ್ರಯೋಗಾಲಯದಿಂದ ವರದಿ ಬಂತು: ಪೊಟ್ಯಾಸಿಯಂ ಒಂಬತ್ತರ ಹತ್ತಿರ.

ಲೆಕ್ಕ ತಾಳೆಯಾಗಲಿಲ್ಲ. ಒಂದೂವರೆ ದಿನದಲ್ಲಿ ಅಷ್ಟು ಏರಬೇಕಾದರೆ ಹೊರಗಿನಿಂದ ಏನೋ ಒಳಗೆ ಹೋಗಿರಬೇಕು. ಪ್ರಸನ್ನ ಗೋಡೆಗೆ ತಲೆ ಕೊಟ್ಟು ಕೂತಿದ್ದ. “ಎಂತ ತಿಂದಿದ್ದಾರೆ? ನಿಜ ಹೇಳು,” ಎಂದೆ.

“ತಿಂದದ್ದು ಎಂತ ಇಲ್ಲ ಮೇಡಂ. ನಿನ್ನೆ ರಾತ್ರಿ ನೇಮದಲ್ಲಿ ಶೇಸಪ್ಪಣ್ಣ ಬೊಂಡ ಕೊಟ್ಟರು. ಮೂರು. ಸಭೆಯ ಎದುರು. ನಾನು ಆಚೆ ಬದಿಯಲ್ಲಿದ್ದೆ. ಓಡಿ ಬರುವಷ್ಟರಲ್ಲಿ ಮುಗಿದಿತ್ತು. ‘ನೀರಲ್ಲವಲ್ಲ, ಬೊಂಡ ಅಲ್ವಾ, ಮೈಗೆ ತಂಪು, ನಿಮ್ಮದೇ ಮರದ್ದು ಅರಸರೇ’ ಅಂತ ಹೇಳಿ ಕೈಗೆ ಕೊಟ್ಟರು. ಕೊಡುವಾಗ ಅವರು ಮರ್ಕುತ್ತಾ ಇದ್ದರು.” ಮರ್ಕುವುದು ಎಂದರೆ ಅಳುವುದು.

“ಮಾವನಿಗೆ ಗೊತ್ತಿತ್ತಲ್ಲ!”

“ಸಭೆಯಲ್ಲಿ ಕೊಟ್ಟದ್ದನ್ನು ಗಡಿಯವರು ಬೇಡ ಅನ್ಲಿಕ್ಕಿಲ್ಲ ಮೇಡಂ. ಮತ್ತೆ ಶೇಸಪ್ಪಣ್ಣ ಕೊಟ್ಟದ್ದು. ನಿಮಗೆ ಫೋನು ಮಾಡ್ತೇನೆ ಅಂದರೆ, ಬೆಳಿಗ್ಗೆ ಹೇಗೂ ಹೋಗುದಲ್ಲ ಅಂತ ಮಾವ ಬಿಡಲಿಲ್ಲ.”

ಆ ಅಂಗಳದ ‘ಬೇಡ’ ಒಂದೇ ಅವರಿಗೆ ದಕ್ಕಿದ್ದು. ಅದನ್ನು ಅವರು ಅಳಿಯನಿಗಾಗಿ ಖರ್ಚು ಮಾಡಿಬಿಟ್ಟಿದ್ದರು. ತಮಗೆಂದು ಇನ್ನೊಂದು ಉಳಿಸಿಕೊಂಡಿರಲಿಲ್ಲ. ಗೋಡೆಯ ಮೇಲಿನ ಕೆಂಪು ಗೀಟಿನ ಬೊಂಡವನ್ನು ನೋಡಲಾರದೆ ನಾನು ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೊರಗೆ ಬಂದಾಗ ಪ್ರಸನ್ನ ಮಾವನನ್ನು ಎರಡು ಕೈಯಲ್ಲಿ ಎತ್ತಿ ಸ್ಟ್ರೆಚರಿಗೆ ಮಲಗಿಸುತ್ತಿದ್ದ.

ಬೊಜ್ಜ, ಅಂದರೆ ಉತ್ತರಕ್ರಿಯೆ, ಕಳೆದು ಕೆಲವು ದಿನಗಳಾದ ಮೇಲೆ ಶೇಸಪ್ಪಣ್ಣ ಆಸ್ಪತ್ರೆಗೆ ಬಂದರು. ಹೊರರೋಗಿಗಳ ಸಾಲಿನಲ್ಲೇ ಚೀಟಿ ಮಾಡಿಸಿ ಕೂತಿದ್ದರು. ಸರದಿ ಬಂದಾಗ ಒಳಗೆ ಬಂದು ನಿಂತರು. ಕೂರಿ ಎಂದರೂ ಕೂರಲಿಲ್ಲ.

“ಡಾಕ್ಟ್ರೆ, ಊರಲ್ಲಿ ಎಂತೆಂತದೋ ಮಾತಾಡ್ತಾರೆ. ನನಗೆ ನಿಮ್ಮ ಬಾಯಿಂದ ಕೇಳ್ಬೇಕು. ನಾನು ಕೊಟ್ಟ ಬೊಂಡದಿಂದ ಎಂತ ಆಗ್ಲಿಲ್ಲ ಅಲ್ವಾ?”

ಇಲ್ಲ ಎನ್ನಬಹುದಿತ್ತು. ಕಾಯಿಲೆ ಹಾಗೇ ಇತ್ತು, ಮೂರು ಸರದಿ ತಪ್ಪಿತ್ತು, ಬೊಂಡ ಇಲ್ಲದಿದ್ದರೂ ಉಳಿಯುತ್ತಿದ್ದರೋ ಇಲ್ಲವೋ ಎನ್ನಬಹುದಿತ್ತು. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ನಮ್ಮ ವೃತ್ತಿಯಲ್ಲಿ ಇಂಥ ಅರೆ ಮಾತುಗಳನ್ನು ಹೇಳಿ ಎಷ್ಟೋ ಜನರನ್ನು ಮನೆಗೆ ಕಳಿಸುತ್ತೇವೆ. ಆ ದಿನ ನನಗೆ ಅದು ಬಾಯಿಗೆ ಬರಲಿಲ್ಲ. ಅವರ ಹಿಂದೆ ಬಾಗಿಲ ಆಚೆ ಬೆಂಚಿನಲ್ಲಿ ಬೇರೆ ರೋಗಿಗಳು ಕೂತಿದ್ದರು. ಅವರ ಮನೆಗಳಲ್ಲೂ ತೆಂಗಿನ ಮರಗಳಿದ್ದವು, ಅವರನ್ನು ಪ್ರೀತಿಸುವವರಿದ್ದರು.

“ಆಗಿದೆ ಶೇಸಪ್ಪಣ್ಣ,” ಎಂದೆ. “ಬೊಂಡದಿಂದಲೇ ಹೃದಯ ನಿಂತದ್ದು. ಅದು ಕುಡಿಯದಿದ್ದರೆ ಯಂತ್ರದ ವರೆಗೆ ಮುಟ್ಟುತ್ತಿದ್ದರು. ನೀವು ಪ್ರೀತಿಯಿಂದ ಕೊಟ್ಟದ್ದು, ಅದು ನನಗೆ ಗೊತ್ತುಂಟು. ಅವರಿಗೂ ಗೊತ್ತಿತ್ತು.”

ಮನುಷ್ಯ ಅಳುತ್ತಾರೆ ಎಂದುಕೊಂಡೆ, ಅಳಲಿಲ್ಲ. “ಅವರಿಗೆ ಗೊತ್ತಿತ್ತಾ, ಅದು ವಿಷ ಅಂತ?” ಎಂದು ಕೇಳಿದರು.

“ಗೊತ್ತಿತ್ತು.”

“ಮತ್ತೆ ಯಾಕೆ ಕುಡಿದರು?”

“ನೀವು ಅವರನ್ನು ಕೂರಿಸಿದ ಕುರ್ಚಿಯಲ್ಲಿ ಬೇಡ ಅನ್ಲಿಕ್ಕಿಲ್ಲ ಅಲ್ವಾ?” ನನ್ನ ಸ್ವರ ಬೇಕಾದದ್ದಕ್ಕಿಂತ ಒರಟಾಗಿತ್ತು. ಆಮೇಲೆ ಆ ಸಣ್ಣ ಕೋಣೆಯಲ್ಲಿ ರಘುಚಂದ್ರರು ಹೇಳಿದ್ದನ್ನೆಲ್ಲ ಹೇಳಿದೆ. ಗೇಟಿನ ಹೊರಗೆ ನಿಂತದ್ದು, ಅಕ್ಕ, ಅಳಿಯ, ಎಲ್ಲ. ರೋಗಿಯ ಮಾತನ್ನು ಹೊರಗೆ ಹೇಳಬಾರದೆಂಬ ನಿಯಮ ನನಗೆ ಗೊತ್ತು. ಹೇಳದಿದ್ದರೆ ಆ ಸಾವು ದಂಡವಾಗುತ್ತಿತ್ತು.

ಶೇಸಪ್ಪಣ್ಣ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೊರಟುಹೋದರು. ಅಷ್ಟು ಹೇಳಿದ್ದು ಸರಿಯೇ ಎಂಬ ಅಳುಕು ನನಗೆ ಬಹಳ ದಿನ ಇತ್ತು. ಆ ಮನುಷ್ಯ ಉಣ್ಣುವುದು ಬಿಟ್ಟಿದ್ದಾರೆ ಎಂದು ಪ್ರಸನ್ನ ಹೇಳಿದಾಗಲಂತೂ ನಿದ್ದೆ ಬರಲಿಲ್ಲ. ಅಂಗಳದ ಎದುರಿನ ತೆಂಗಿನ ಸಾಲಿನಿಂದ ಬೊಂಡ ಇಳಿಸುವುದನ್ನೇ ನಿಲ್ಲಿಸಿದ್ದರಂತೆ, ಬಿದ್ದದ್ದು ಬಿದ್ದಲ್ಲೇ.

ವರ್ಷ ಕಳೆಯಿತು. ವಿಮಲಕ್ಕ ಮಾತ್ರ ಎಲ್ಲರ ಲೆಕ್ಕ ತಪ್ಪಿಸಿ ಉಳಿದಿದ್ದರು, ನನ್ನದೂ ಸೇರಿ. ಸೂತಕ ಮುಗಿದು ಮತ್ತೆ ನೇಮಕ್ಕೆ ದಿನ ಇಟ್ಟರು. ಸಮಿತಿಯ ಕೆಲವರು ಪ್ರಸನ್ನನ ಬಾಡಿಗೆ ಮನೆಗೆ ಬಂದು ಅವನು ಗಡಿ ಹಿಡಿಯಬೇಕೆಂದು ಹೇಳಿ ಹೋದರು. ಅವನು ನನಗೆ ಫೋನು ಮಾಡಿದ. ಎಂತ ಮಾಡುದು ಮೇಡಂ ಎಂದ. ಆ ದಿನ ನಾನೂ ಬರುತ್ತೇನೆ ಎಂದೆ. ನೇಮದ ದಿನ ಹೊತ್ತು ಮುಳುಗುವ ಮೊದಲೇ ಆ ಊರಿಗೆ ಹೋಗಿ ಹೆಂಗಸರ ಸಾಲಿನಲ್ಲಿ ನಿಂತೆ.

ಕುರ್ಚಿಯನ್ನು ತಂದು ಇಟ್ಟರು. ಪ್ರಸನ್ನ ಬಿಳಿ ಪಂಚೆ ಉಟ್ಟು ಒಂದು ಬದಿಗೆ ನಿಂತಿದ್ದ, ಗಲ್ಲಿಗೆ ಹೊರಟವನ ಮುಖ. ದೈವ ಬಂತು. ಈ ಕುರ್ಚಿಗೆ ಯಾರು ಎಂದು ತುಳುವಿನಲ್ಲಿ ಕೇಳಿತು. ಜನ ಪ್ರಸನ್ನನ ಕಡೆ ನೋಡಿದರು. ಅಷ್ಟರಲ್ಲಿ ಶೇಸಪ್ಪಣ್ಣ ಮುಂದೆ ಬಂದರು. ಬಹಳ ಇಳಿದುಹೋಗಿದ್ದರು. ಅರಮನೆಯ ಹಳೆಯ ಕತ್ತಿಯನ್ನು ಎರಡು ಕೈಯಲ್ಲಿ ತಂದು ಕುರ್ಚಿಯ ಮೇಲೆ ಅಡ್ಡ ಇಟ್ಟರು. ಅವರು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

“ಇಲ್ಲಿ ಕೂತವರಿಗೆ ಬೊಂಡ ಕೊಟ್ಟು ಕೊಂದವನು ನಾನು. ಅವರಿಗೆ ಬೇಡ ಅನ್ಲಿಕ್ಕೆ ನಾವು ಬಿಡಲಿಲ್ಲ. ಇನ್ನು ಈ ಕುರ್ಚಿಯಲ್ಲಿ ಮನುಷ್ಯರು ಕೂರುದು ಬೇಡ. ತಪ್ಪು ಉಂಟಾದರೆ ನನ್ನ ಮೇಲೆ ಇರಲಿ.”

ಅಷ್ಟು ಜನರ ಎದುರು ಅವರು ಹಾಗೆ ಹೇಳಿದಾಗ ನನ್ನ ಪಕ್ಕದ ಹೆಂಗಸು ಬಾಯಿಗೆ ಸೆರಗು ಹಿಡಿದಳು. ದೈವ ಕುರ್ಚಿಗೆ ಒಂದು ಸುತ್ತು ಬಂತು. ಆಮೇಲೆ ಒಪ್ಪಿಗೆಯ ಗುರುತಾಗಿ ಕತ್ತಿಯ ಮೇಲೆ ಗಂಧ ಹಾಕಿತು. ವಾದ್ಯದವರು ಬಾರಿಸಲು ಶುರು ಮಾಡಿದರು. ನೇಮ ನಡೆಯಿತು. ಆಕಾಶ ಕಳಚಿ ಬೀಳಲಿಲ್ಲ. ಹಿಂದಿನ ವರ್ಷವೂ ಆ ಕತ್ತಿ ಅರಮನೆಯ ಗೋಡೆಯಲ್ಲಿ ತೂಗುತ್ತಿತ್ತು, ಅದೇ ಕುರ್ಚಿ ಇತ್ತು. ಆಗಲೇ ಇಷ್ಟು ಮಾಡಬಹುದಿತ್ತು. ನಾನು ಕೊನೆಯವರೆಗೆ ನಿಲ್ಲದೆ ಹಿಂದಿರುಗಿ ಬಂದೆ.

ನಿವೃತ್ತಿಯ ಮೇಲೆ ಜನ ಕೇಳುತ್ತಾರೆ, ಈ ವೃತ್ತಿ ಎಂತ ಕಲಿಸಿತು ಎಂದು. ನಾನು ಹೇಳುವುದು ಇಷ್ಟೇ. ರೋಗ ಏನೆಂದು ಮನೆಯವರಿಗೆ ಹೇಳಿದರೆ ಸಾಲದು, ರೋಗಿಯ ಕೈಗೆ ಪ್ರೀತಿಯಿಂದ ಲೋಟ ಕೊಡುವ ಪ್ರತಿಯೊಬ್ಬರಿಗೂ ಹೇಳಬೇಕು. ಮತ್ತು ಸತ್ತ ಮೇಲೆಯೂ ನಿಜ ಹೇಳಬೇಕು, ಕೇಳುವವನ ಮುಖ ನೋಡಿ ಮರುಕ ಬಂದರೂ. ಶೇಸಪ್ಪಣ್ಣನಿಗೆ ನಾನು ಆ ದಿನ ಸಮಾಧಾನ ಹೇಳಿ ಕಳಿಸಿದ್ದರೆ ಅವರು ಸುಖವಾಗಿ ಉಣ್ಣುತ್ತಿದ್ದರು, ಕುರ್ಚಿಯಲ್ಲಿ ಪ್ರಸನ್ನ ಕೂತಿರುತ್ತಿದ್ದ. ಸತ್ಯದ ಭಾರವನ್ನು ಆ ಮುದುಕ ಒಬ್ಬರೇ ಹೊತ್ತರು. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಕುರ್ಚಿಯ ಮೇಲೆ ಕತ್ತಿ ಇಟ್ಟ ವರ್ಷದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಪ್ರಸನ್ನ ಫೋನು ಮಾಡಿದ.

“ಅಮ್ಮ ಹೋದರು ಮೇಡಂ,” ಎಂದ. “ನಾನೇ ಎತ್ತಿದೆ.”